ಕೆಲಸಗಾರರ ಪರಿಹಾರದ ಕೇಸಲ್ಲಿ ಹೈಕೋರ್ಟ್ ಅಪೀಲ್: 60 ದಿನ ಹೇಗೆ ಎಣಿಸ್ಬೇಕು, ಎಲ್ಲಿ ಕೈತಪ್ಪತ್ತೆ

2021ರಲ್ಲಿ ದಾವಣಗೆರೆ ಕಡೆ ಒಂದು ರೈಸ್ ಮಿಲ್ಲಲ್ಲಿ ನಮ್ಮ ಸೋದರಮಾವನ ಕೈ ಬೆಲ್ಟಿಗೆ ಸಿಕ್ಕಿ ಬಲಗೈನ ಮೂರು ಬೆರಳು ಹೋಯ್ತು. ಕೇಸ್ ಹಾಕಿದ್ವಿ, ನಡೀತು, ಆರ್ಡರೂ ಆಯ್ತು, ಆದ್ರೆ ಬಂದ ಪರಿಹಾರ ಕಾನೂನಿನ ಪ್ರಕಾರ ಬರ್ಬೇಕಾಗಿದ್ದಕ್ಕಿಂತ ಕಮ್ಮಿ. ಹೈಕೋರ್ಟಿಗೆ ಹೋಗ್ಬಹುದು ಅಂತ ಗೊತ್ತಿತ್ತು, ಯಾವಾಗೊಳಗೆ ಹೋಗ್ಬೇಕು ಅಂತ ಮನೇಲಿ ಒಬ್ಬರಿಗೂ ಗೊತ್ತಿರ್ಲಿಲ್ಲ. ಆರ್ಡರ್ ಆಗಿದ್ದು ದೀಪಾವಳಿ ಮುಗಿದ ಮೇಲೆ, ನಾವು ಅಪೀಲ್ ಹಾಕಿದ್ದು ಯುಗಾದಿ ಕಳೆದು ಒಂದು ತಿಂಗಳಾದ ಮೇಲೆ, ಅಂದ್ರೆ ಸುಮಾರು ನಾಲ್ಕು ತಿಂಗಳು ಲೇಟ್. ಆ ಲೇಟನ್ನ ಮಾಫಿ ಮಾಡಿಸ್ಕೊಳ್ಳೋಕೆ ಪಟ್ಟ ಪಾಡು ಮೂಲ ಕೇಸಿಗಿಂತ ಜಾಸ್ತಿ ಅನ್ನಿಸ್ತು. ಆಮೇಲೆ ಊರಲ್ಲಿ ಗಾರೆ ಕೆಲಸದವರು, ಹಮಾಲರು, ಲಾರಿ ಕ್ಲೀನರ್‌ಗಳು ಸುಮಾರು ಜನ ಬಂದು ಇದನ್ನೇ ಕೇಳ್ತಾ ಇರ್ತಾರೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಡ್ತಾ ಇದೀನಿ.

ನಾನು ವಕೀಲ ಅಲ್ಲ. ಆದ್ರೆ ಈ ಕಾಗದಗಳ ಜೊತೆ ವರ್ಷಗಟ್ಟಲೆ ಓಡಾಡಿದೀನಿ, ಕೆಳಗೆ ಬರೆದಿರೋದನ್ನ ಹಿಡ್ಕೊಂಡು ನಿಮ್ಮ ವಕೀಲರ ಹತ್ರ ಹೋದ್ರೆ ಏನು ಕೇಳ್ಬೇಕು ಅಂತನಾದ್ರೂ ಗೊತ್ತಿರತ್ತೆ.

ಮೊದಲು ನಿಮ್ಮದು ಯಾವ ಕೇಸ್ ಅಂತ ನೋಡ್ಕೊಳ್ಳಿ

ಎಲ್ಲರೂ ಎಡವೋದು ಇಲ್ಲೇ. ಕೆಲಸದಲ್ಲಿ ಏಟಾದ್ರೆ ಹೋಗೋಕೆ ಮೂರು ದಾರಿ ಇದೆ, ಒಂದೊಂದಕ್ಕೂ ಲೆಕ್ಕ ಬೇರೆ.

ಒಂದು, ನೌಕರರ ಪರಿಹಾರ ಕಾಯ್ದೆ 1923. ಹಿಂದೆ ಇದಕ್ಕೆ ವರ್ಕ್‌ಮೆನ್ಸ್ ಕಾಂಪನ್ಸೇಷನ್ ಅಂತಿದ್ರು, 2010ರಲ್ಲಿ ಹೆಸರು ಬದಲಾಯ್ತು, ಹಳೇ ವಕೀಲರು ಈಗಲೂ ಡಬ್ಲ್ಯು.ಸಿ. ಕೇಸ್ ಅಂತಲೇ ಅನ್ನೋದು. ಇದನ್ನ ಕೇಳೋರು ಕಮಿಷನರ್. ಕಮಿಷನರ್ ಅಂದ ತಕ್ಷಣ ಪೊಲೀಸ್ ಕಮಿಷನರ್ ಅನ್ಕೋಬೇಡಿ, ನಮ್ಮ ರಾಜ್ಯದಲ್ಲಿ ಮೊದಲು ಲೇಬರ್ ಆಫೀಸರ್‌ಗಳೇ ಆ ಅಧಿಕಾರದಲ್ಲಿ ಕೂರ್ತಿದ್ರು, ಆಮೇಲೆ ಅದು ಸೀನಿಯರ್ ಸಿವಿಲ್ ಜಡ್ಜ್ ಕೋರ್ಟಿಗೆ ಬಂತು. ಇವರ ಆರ್ಡರ್ ಮೇಲೆ 30ನೇ ಸೆಕ್ಷನ್ ಪ್ರಕಾರ ನೇರ ಹೈಕೋರ್ಟಿಗೆ ಅಪೀಲು, ಮಧ್ಯ ಜಿಲ್ಲಾ ಕೋರ್ಟ್ ಅನ್ನೋದೇ ಇಲ್ಲ. ಗಡುವು 60 ದಿನ.

ಎರಡು, ಇಎಸ್‌ಐ, ಅಂದ್ರೆ ನೌಕರರ ರಾಜ್ಯ ವಿಮೆ. ಸಂಬಳದಲ್ಲಿ ಇಎಸ್‌ಐ ಕಟ್ ಆಗ್ತಿದ್ದು ನೀವು ಅದರ ಕವರೇಜ್ ಒಳಗಿದ್ರೆ, ಅದೇ ಏಟಿಗೆ 1923ರ ಕಾಯ್ದೆ ಕೆಳಗೆ ಮಾಲೀಕರ ಮೇಲೆ ಪರಿಹಾರ ಕೇಳೋ ಹಾಗಿಲ್ಲ, ಇಎಸ್‌ಐ ಕಾಯ್ದೆಯ 53ನೇ ಸೆಕ್ಷನ್ ಅದಕ್ಕೆ ಅಡ್ಡ ಬರತ್ತೆ. ತಕರಾರು ಇದ್ರೆ ಇಎಸ್‌ಐ ಕೋರ್ಟು, ಅಲ್ಲಿನ ಆರ್ಡರ್ ಮೇಲೂ ಹೈಕೋರ್ಟ್ ಅಪೀಲ್, ಅದಕ್ಕೂ 60 ದಿನವೇ. ಮಾವ ಇದ್ದ ಮಿಲ್ಲಲ್ಲಿ ಹತ್ತು ಜನಾನೂ ಇರ್ಲಿಲ್ಲ, ಇಎಸ್‌ಐ ಇರ್ಲಿಲ್ಲ, ಹಂಗಾಗಿ ನಮ್ಮದು ಮೊದಲನೇ ದಾರಿ.

ಮೂರು, ವಾಹನ ಅಪಘಾತದ ಕೇಸ್, ಎಂವಿಸಿ ಅಂತಾರಲ್ಲ ಅದು. ಡ್ರೈವರ್, ಕ್ಲೀನರ್‌ಗಳಿಗೆ ಇದೋ ಅದೋ ಯಾವುದಾದ್ರೂ ಒಂದನ್ನ ಆರಿಸ್ಕೊಳ್ಳೋ ಅವಕಾಶ ಇದೆ, ಎರಡೂ ಕಡೆ ತಗೊಳ್ಳೋ ಹಾಗಿಲ್ಲ. ಎಂವಿಸಿ ಆರ್ಡರ್ ಮೇಲೆ ಅಪೀಲಿಗೆ 90 ದಿನ. ಈ 90 ಅನ್ನೋ ನಂಬರನ್ನ ದಯವಿಟ್ಟು ತಲೆಯಿಂದ ತೆಗೆದುಹಾಕಿ, ಯಾಕಂದ್ರೆ ತಾಲ್ಲೂಕು ಕೋರ್ಟುಗಳಲ್ಲಿ ದಿನಾ ಎಂವಿಸಿ ಕೇಸೇ ಜಾಸ್ತಿ ನಡಿಯೋದು, ಅಲ್ಲಿ ಓಡಾಡೋರ ಬಾಯಲ್ಲೆಲ್ಲ ಮೂರು ತಿಂಗಳು ಟೈಮಿದೆ ಅನ್ನೋ ಮಾತೇ ಬರತ್ತೆ, ನಮಗೂ ಅದನ್ನೇ ಹೇಳಿದ್ರು, ನಾವೂ ನಂಬಿ ಕೂತ್ವಿ.

ಇನ್ನೊಂದು ವಿಷಯ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ 2020 ಜಾರಿಗೆ ಬಂದಿದೆ, 1923ರ ಕಾಯ್ದೆ, ಇಎಸ್‌ಐ ಕಾಯ್ದೆ ಎರಡೂ ಅದರೊಳಗೆ ಸೇರ್ಕೊಂಡಿವೆ. ಅಪಘಾತ ಆ ದಿನಕ್ಕಿಂತ ಮುಂಚೆ ಆಗಿದ್ರೆ ಪರಿಹಾರದ ಹಕ್ಕು ಹುಟ್ಟಿದ್ದು ಹಳೇ ಕಾಯ್ದೆ ಕೆಳಗೆ, ಆಮೇಲಾಗಿದ್ರೆ ಸಂಹಿತೆ ಕೆಳಗೆ. ಕಮಿಷನರ್ ಆರ್ಡರ್ ಮೇಲೆ ಅಪೀಲಿಗೆ ಸಂಹಿತೆಯಲ್ಲೂ 60 ದಿನವೇ ಇಟ್ಟಿದಾರೆ, ಹಂಗಾಗಿ ದಿನದ ಲೆಕ್ಕ ಬದಲಾಗಲ್ಲ, ಅಪೀಲಲ್ಲಿ ಬರೆಯೋ ಸೆಕ್ಷನ್ ನಂಬರ್ ಬದಲಾಗತ್ತೆ ಅಷ್ಟೇ. ಈ ಬರಹದಲ್ಲಿ ನಾನು ಹೇಳೋ ಸೆಕ್ಷನ್ ಎಲ್ಲಾ ಹಳೇ ಕಾಯ್ದೇದು, ಯಾಕಂದ್ರೆ ಈಗ ಕೋರ್ಟಲ್ಲಿರೋ ಬಹುಪಾಲು ಕೇಸ್ ಹಳೇ ಅಪಘಾತಗಳದ್ದೇ.

ಆರ್ಡರ್ ಆದ ದಿನವೇ ಮಾಡ್ಬೇಕಾದ್ದು

ಆರ್ಡರ್ ಆದ ದಿನ ಕೋರ್ಟಲ್ಲಿ ನೀವೇ ಇರಿ, ಆಗದಿದ್ರೆ ಫೋನಲ್ಲಿ ಇ-ಕೋರ್ಟ್ಸ್ ಆ್ಯಪ್ ಹಾಕ್ಕೊಂಡು ನಿಮ್ಮ ಕೇಸಿನ ಸಿಎನ್‌ಆರ್ ನಂಬರ್ ಸೇವ್ ಮಾಡ್ಕೊಳ್ಳಿ. ಅದು 16 ಅಕ್ಷರ-ಅಂಕಿ ಇರೋ ನಂಬರ್, ಅದನ್ನ ಹಾಕಿದ್ರೆ ಯಾವತ್ತು ಏನಾಯ್ತು ಅಂತ ಕಾಣತ್ತೆ. ಗಡಿಯಾರ ಓಡೋಕೆ ಶುರುವಾಗೋದು ಆರ್ಡರ್ ತಾರೀಖಿಂದ. ವಕೀಲರು ನಿಮಗೆ ಫೋನ್ ಮಾಡಿ ಹೇಳಿದ ದಿನದಿಂದ ಅಲ್ಲ, ಕಾಪಿ ನಿಮ್ಮ ಕೈಗೆ ಸಿಕ್ಕಿದ ದಿನದಿಂದಾನೂ ಅಲ್ಲ.

ಅವತ್ತೇ ಅಥವಾ ಮಾರನೇ ದಿನ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ. ಈ ಇಡೀ ಬರಹದಲ್ಲಿ ಒಂದೇ ಒಂದು ನೆನಪಿಟ್ಕೋತೀನಿ ಅಂದ್ರೆ ಇದನ್ನ ಇಟ್ಕೊಳ್ಳಿ. ನಮ್ಮ ಮಾವ ಕಾಪಿ ಅಂತ ತಂದಿದ್ದು ವೆಬ್‌ಸೈಟಿಂದ ತೆಗೆದ ಪ್ರಿಂಟು, ಜೆರಾಕ್ಸ್ ಅಂಗಡಿಯವನು ತೆಗೆದುಕೊಟ್ಟಿದ್ದು. ಓದೋಕೆ ಅದು ಸಾಕು, ಹೈಕೋರ್ಟಲ್ಲಿ ಅಪೀಲ್ ಹಾಕೋಕೆ ಕಾಪಿಯಿಂಗ್ ಸೆಕ್ಷನ್ನಿಂದ ಸೀಲು ಸಹಿ ಇರೋ ನಕಲೇ ಬೇಕು. ಆರ್ಡರ್ ಜೊತೆಗೆ ಸಾಕ್ಷಿಗಳ ಹೇಳಿಕೆ, ಡಾಕ್ಟರ್ ಹೇಳಿಕೆ, ಡಿಸೆಬಿಲಿಟಿ ಸರ್ಟಿಫಿಕೇಟು, ಇನ್ಶೂರೆನ್ಸ್ ಪಾಲಿಸಿ ಇವುಗಳ ನಕಲಿಗೂ ಅರ್ಜಿ ಹಾಕ್ಬಿಡಿ, ಹೈಕೋರ್ಟ್ ವಕೀಲರು ಮೊದಲು ಕೇಳೋದೇ ಇವನ್ನ.

60 ದಿನದ ಲೆಕ್ಕ

ಲಿಮಿಟೇಷನ್ ಕಾಯ್ದೆ 1963ರ 12ನೇ ಸೆಕ್ಷನ್ ಇಲ್ಲಿ ಕೆಲಸಕ್ಕೆ ಬರತ್ತೆ. ಆರ್ಡರ್ ಆದ ದಿನಾನ ಎಣಿಸೋ ಹಾಗಿಲ್ಲ, ಮಾರನೇ ದಿನ ಮೊದಲನೇ ದಿನ. ಆಮೇಲೆ ನಕಲು ಪಡೆಯೋಕೆ ನಿಜವಾಗಿ ಬೇಕಾದ ದಿನಗಳನ್ನ ಲೆಕ್ಕದಿಂದ ತೆಗೀತಾರೆ.

ಒಂದು ಉದಾಹರಣೆ ಹಾಕಿ ತೋರಿಸ್ತೀನಿ, ಕ್ಯಾಲೆಂಡರ್ ಪಕ್ಕದಲ್ಲಿ ಇಟ್ಕೊಂಡು ನೋಡಿ. ಆರ್ಡರ್ 2026ರ ಜನವರಿ 12, ಸೋಮವಾರ ಆಯ್ತು ಅನ್ಕೊಳ್ಳಿ. ಎಣಿಕೆ ಶುರುವಾಗೋದು 13ರಿಂದ. ಜನವರೀಲಿ 19 ದಿನ, ಫೆಬ್ರವರೀಲಿ 28, ಎರಡೂ ಸೇರಿ 47, ಇನ್ನು 13 ದಿನ ಮಾರ್ಚಲ್ಲಿ. ಅಂದ್ರೆ ಮಾರ್ಚ್ 13, ಶುಕ್ರವಾರ 60ನೇ ದಿನ. ಈಗ ನೀವು ನಕಲಿಗೆ ಜನವರಿ 19ರಂದು ಅರ್ಜಿ ಹಾಕಿದ್ರಿ, ಫೆಬ್ರವರಿ 4ಕ್ಕೆ ನಕಲು ರೆಡಿ ಆಯ್ತು. 19ರಿಂದ 4ರವರೆಗೆ ಎರಡೂ ದಿನ ಸೇರಿ 17 ದಿನ. ಈ 17 ಮಾರ್ಚ್ 13ಕ್ಕೆ ಸೇರಿಸಿದ್ರೆ ಮಾರ್ಚ್ 30, ಸೋಮವಾರ ಕೊನೇ ದಿನ.

ಆದ್ರೆ ಫೆಬ್ರವರಿ 4ಕ್ಕೆ ರೆಡಿಯಾದ ನಕಲನ್ನ ನೀವು ತಂದಿದ್ದು 20ಕ್ಕೆ, ಊರಲ್ಲಿ ಜಾತ್ರೆ ಇತ್ತು ಅಂತ. ಆ 16 ದಿನ ನಿಮ್ಮ ಖಾತೆಗೇ ಹೋಗತ್ತೆ, ಕೋರ್ಟ್ ಬಿಟ್ಟುಕೊಡಲ್ಲ. ಹಂಗೇ ನಕಲಿನ ಚಾರ್ಜ್ ಕಟ್ಟಿ ಅಂತ ಬೋರ್ಡಲ್ಲಿ ಹಾಕಿದ ಮೇಲೂ ನೀವು ಹತ್ತು ದಿನ ಕಟ್ದೆ ಬಿಟ್ರೆ ಆ ಹತ್ತು ದಿನಾನೂ ನಿಮ್ಮದೇ. ನಕಲಿನ ಕೊನೇ ಪುಟ ತಿರುಗಿಸಿ ನೋಡಿ, ಅಲ್ಲಿ ಸೀಲ್ ಹೊಡೆದು ಅರ್ಜಿ ಹಾಕಿದ ದಿನ, ಚಾರ್ಜ್ ಕಟ್ಟಿದ ದಿನ, ನಕಲು ರೆಡಿಯಾದ ದಿನ, ಕೊಟ್ಟ ದಿನ ಎಲ್ಲಾ ಬರೆದಿರ್ತಾರೆ. ಹೈಕೋರ್ಟ್ ಆಫೀಸಲ್ಲಿ ಲೆಕ್ಕ ಹಾಕೋದು ಆ ಸೀಲ್ ನೋಡ್ಕೊಂಡೇ, ನಿಮ್ಮ ಬಾಯಿಮಾತು ಕೇಳ್ಕೊಂಡಲ್ಲ. ಆ ಪುಟದ ಫೋಟೋ ತೆಗೆದಿಟ್ಕೊಳ್ಳಿ.

60 ದಿನ ಮುಗಿದ ಮೇಲೆ ನಕಲಿಗೆ ಅರ್ಜಿ ಹಾಕಿದ್ರೆ ಈ ವಿನಾಯ್ತಿ ಯಾವ ಉಪಯೋಗಕ್ಕೂ ಬರಲ್ಲ, ಮುಗಿದು ಹೋಗಿರೋ ಟೈಮನ್ನ ಅದು ಮತ್ತೆ ಎಬ್ಬಿಸಲ್ಲ. ನಮ್ಮ ಕತೆ ಇದೇ ಆಗಿದ್ದು.

ಕೊನೇ ದಿನ ಕೋರ್ಟ್ ರಜೆ ಇದ್ರೆ? ಅದೇ ಲಿಮಿಟೇಷನ್ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಕೋರ್ಟ್ ಮತ್ತೆ ತೆರೆದ ದಿನ ಹಾಕ್ಬಹುದು. ಬೇಸಿಗೆ ರಜೆ, ದಸರಾ ರಜೆ, ವರ್ಷದ ಕೊನೇ ರಜೆ ಇವೆಲ್ಲಾ ಮಧ್ಯದಲ್ಲಿ ಬರ್ತಾವೆ. ಆದ್ರೆ ರಜೆ ಮಧ್ಯದಲ್ಲಿ ಬಂತು ಅಂತ ಅಷ್ಟು ದಿನ ಎಕ್ಸ್‌ಟ್ರಾ ಸಿಗಲ್ಲ, ಕೊನೇ ದಿನ ರಜೆ ಒಳಗೆ ಬಿದ್ರೆ ಮಾತ್ರ ತೆರೆಯೋ ದಿನಕ್ಕೆ ಮುಂದಕ್ಕೆ ಹೋಗತ್ತೆ, ಅದೂ ಆ ಒಂದು ದಿನ ಅಷ್ಟೇ.

ನನ್ನ ಸಲಹೆ, ನಕಲಿನ ದಿನ, ರಜೆ ದಿನ ಎಲ್ಲಾ ಮರೆತು ಆರ್ಡರ್ ದಿನದಿಂದ 45 ದಿನ ಅಂತ ಗೋಡೆ ಕ್ಯಾಲೆಂಡರಲ್ಲಿ ಕೆಂಪು ಪೆನ್ನಲ್ಲಿ ರೌಂಡ್ ಹಾಕ್ಬಿಡಿ.

ಅಪೀಲೇ ಬೇಕಾ, ಬೇರೆ ದಾರಿ ಇದೆಯಾ

ಕೆಲವು ಸಲ ಅಪೀಲ್ ದಾರಿ ಅಲ್ಲ. ನೀವು ಹಾಜರಾಗಿಲ್ಲ ಅಂತ ಕೇಸ್ ವಜಾ ಆಗಿದ್ರೆ, ಅದನ್ನ ಮತ್ತೆ ತೆರೆಸೋಕೆ ಅದೇ ಕಮಿಷನರ್ ಹತ್ರ ಅರ್ಜಿ ಹಾಕ್ಬೇಕು, ಅದಕ್ಕೆ 30 ದಿನ ಮಾತ್ರ. 60 ಇದೆಯಲ್ಲ ಅಂತ ಕೂತ್ರೆ ಇದು ಜಾರಿಹೋಗತ್ತೆ. ಆರ್ಡರಲ್ಲಿ ಕೂಡೋದು ಕಳೆಯೋದು ತಪ್ಪಾಗಿದ್ರೆ, ಹೆಸರಿನ ಅಕ್ಷರ ತಪ್ಪಾಗಿದ್ರೆ, ಅದನ್ನೂ ಅಲ್ಲೇ ಸರಿ ಮಾಡಿಸ್ಬಹುದು, ಆದ್ರೆ ಆ ಅರ್ಜಿ ಹಾಕಿದೀವಿ ಅಂತ 60 ದಿನದ ಗಡಿಯಾರ ನಿಲ್ಲಲ್ಲ, ಎರಡನ್ನೂ ಜೊತೇಲಿ ನೋಡ್ಕೊಳ್ಳಿ.

ಇನ್ನು ಅಪೀಲೇ ಬರದಿರೋ ಆರ್ಡರೂ ಇದೆ. ಕಮಿಷನರ್ ಏನು ಹೇಳ್ತಾರೋ ಅದಕ್ಕೆ ಒಪ್ತೀವಿ ಅಂತ ಎರಡೂ ಕಡೆಯವರು ಬರೆದುಕೊಟ್ಟಿದ್ರೆ, ಅಥವಾ ರಾಜಿ ಒಪ್ಪಂದದ ಮೇಲೇ ಆರ್ಡರ್ ಆಗಿದ್ರೆ ಅಪೀಲಿಲ್ಲ. ಲೋಕ್ ಅದಾಲತಲ್ಲಿ ಮುಗಿದದ್ದಕ್ಕೂ ಅಪೀಲಿಲ್ಲ. ಅದಾಲತ್ ದಿನ ಸಾಲಾಗಿ ಕೂರಿಸಿ ಇಷ್ಟು ಕೊಡ್ತೀವಿ ಆಗ್ಲಿ ಅನ್ನಿ ಅಂತ ಕೇಳುವಾಗ ಇದು ತಲೇಲಿರಲಿ, ಅಲ್ಲಿ ಹಾಕೋ ಸಹಿ ಕೊನೇ ಸಹಿ.

ಹೈಕೋರ್ಟ್ ಏನನ್ನ ನೋಡತ್ತೆ, ಏನನ್ನ ನೋಡಲ್ಲ

60 ದಿನದೊಳಗೆ ಹೋಗಿದ್ರೂ ಅಪೀಲ್ ಬೀಳೋದು ಇಲ್ಲಿ. 30ನೇ ಸೆಕ್ಷನ್ ಎರಡು ಬಾಗಿಲು ಇಟ್ಟಿದೆ. ಸಾಮಾನ್ಯವಾಗಿ ತಕರಾರಿನ ಮೊತ್ತ ಕನಿಷ್ಠ 10,000 ರೂಪಾಯಿ ಇರ್ಬೇಕು, ಮೊದಲು ಇದು 300 ಇತ್ತು, 2017ರ ತಿದ್ದುಪಡೀಲಿ ಏರಿಸಿದ್ರು. ಇದು ದೊಡ್ಡ ಅಡ್ಡಿ ಅಲ್ಲ. ದೊಡ್ಡದು ಎರಡನೇದು, ಕಾನೂನಿನ ಗಂಭೀರ ಪ್ರಶ್ನೆ ಇರ್ಲೇಬೇಕು.

ಹಂಗಂದ್ರೇನು? ಅಪಘಾತ ಆಯ್ತಾ ಇಲ್ವಾ, ಇವನು ಅಲ್ಲಿ ಕೆಲಸಕ್ಕಿದ್ನಾ, ವಯಸ್ಸೆಷ್ಟು, ಸಂಬಳ ಎಷ್ಟು, ಎಷ್ಟು ಪರ್ಸೆಂಟ್ ಡಿಸೆಬಿಲಿಟಿ, ಅವಲಂಬಿತರು ಎಷ್ಟು ಜನ, ಇವೆಲ್ಲಾ ಸಂಗತಿಯ ಪ್ರಶ್ನೆ. ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಒಂದು ಕೇಸಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಇದೇ ಥರ ಪಟ್ಟಿ ಮಾಡಿ ಇವೆಲ್ಲಾ ಸಾಕ್ಷಿಯಿಂದ ಕಮಿಷನರ್ ಮುಂದೆ ಸಾಬೀತಾಗ್ಬೇಕಾದ ಸಂಗತಿಗಳು ಅಂತ ಹೇಳ್ತು. ಅದಕ್ಕೂ ಮುಂಚೆ 2016ರಲ್ಲಿ ನಮ್ಮ ರಾಜ್ಯದ್ದೇ ಇನ್ನೊಂದು ಕೇಸಲ್ಲಿ, ಸಂಗತಿಗಳ ಮಟ್ಟಿಗೆ ಕಮಿಷನರೇ ಕೊನೆ, ಹೈಕೋರ್ಟ್ ಸಾಕ್ಷಿನ ಮತ್ತೆ ತೂಗೋ ಹಾಗಿಲ್ಲ ಅಂದಿತ್ತು. ಇದು ಎರಡೂ ಕಡೆ ಕೊಯ್ಯೋ ಕತ್ತಿ. ಇನ್ಶೂರೆನ್ಸ್ ಕಂಪನಿ ಸುಮ್ಮನೆ ಡಿಸೆಬಿಲಿಟಿ ಜಾಸ್ತಿ ಹಾಕಿದಾರೆ ಅಂತ ಅಪೀಲ್ ಹಾಕಿದ್ರೆ ನಿಮ್ಮನ್ನ ಕಾಪಾಡೋದೂ ಇದೇ, ನೀವು ಸಂಬಳ ಕಮ್ಮಿ ಹಿಡಿದ್ರು ಅಂತ ಸುಮ್ಮನೆ ಹೋದ್ರೆ ನಿಮ್ಮನ್ನ ವಾಪಸ್ ಕಳಿಸೋದೂ ಇದೇ.

ಹಾಗಾದ್ರೆ ಯಾವುದು ನಡೆಯತ್ತೆ? ಕಾನೂನಲ್ಲೇ ಬರೆದಿಟ್ಟಿರೋದನ್ನ ಕಮಿಷನರ್ ಬಿಟ್ಟಿದ್ರೆ ಅಥವಾ ತಪ್ಪಾಗಿ ಹಾಕಿದ್ರೆ. ಕೆಲವು ಹೇಳ್ತೀನಿ, ನಿಮ್ಮ ಆರ್ಡರ್ ಜೊತೆ ಹೋಲಿಸಿ ನೋಡಿ.

ಸಂಬಳದ ಮಿತಿ. ಲೆಕ್ಕಕ್ಕೆ ಹಿಡಿಯೋ ತಿಂಗಳ ಸಂಬಳ ಹೆಚ್ಚೆಂದ್ರೆ 8,000 ಅಂತ ಇತ್ತು, 2020ರ ಜನವರಿ 3ರಿಂದ ಅದನ್ನ 15,000 ಮಾಡಿದ್ರು. ಆಮೇಲಿನ ಅಪಘಾತಕ್ಕೂ ಕೆಲವು ಕಡೆ ಹಳೇ 8,000ದಲ್ಲೇ ಲೆಕ್ಕ ಹಾಕಿಬಿಟ್ಟಿರ್ತಾರೆ. ಎಷ್ಟು ವ್ಯತ್ಯಾಸ ಅಂತ ನೋಡಿ: 35 ವರ್ಷದವನು ಕೆಲಸದಲ್ಲಿ ತೀರ್ಕೊಂಡ್ರೆ ಸಂಬಳದ ಅರ್ಧಕ್ಕೆ 197.06 ಅನ್ನೋ ಅಂಕಿಯಿಂದ ಗುಣಿಸ್ತಾರೆ, ಆ ಅಂಕಿ ವಯಸ್ಸಿನ ಪ್ರಕಾರ ಕಾಯ್ದೆ ಕೊನೇಲಿರೋ ನಾಲ್ಕನೇ ಶೆಡ್ಯೂಲಲ್ಲಿ, ಅಂದ್ರೆ ಪಟ್ಟೀಲಿ ಇದೆ. 8,000 ಹಿಡಿದ್ರೆ 7,88,240 ರೂಪಾಯಿ, 15,000 ಹಿಡಿದ್ರೆ 14,77,950. ಸುಮಾರು ಏಳು ಲಕ್ಷ ಒಂದು ಸಂಸಾರದ ಕೈಯಿಂದ ಹೋಗತ್ತೆ, ಬರೀ ಹಳೇ ನಂಬರ್ ಹಾಕಿದ್ದಕ್ಕೆ.

ಬಡ್ಡಿ ಯಾವತ್ತಿಂದ. ಪರಿಹಾರ ಕೊಡೋ ಹೊಣೆ ಹುಟ್ಟೋದು ಅಪಘಾತದ ದಿನವೇ, ಕಮಿಷನರ್ ಆರ್ಡರ್ ಮಾಡಿದ ದಿನ ಅಲ್ಲ, ಇದನ್ನ ಸುಪ್ರೀಂ ಕೋರ್ಟಿನ ನಾಲ್ಕು ಜಡ್ಜ್‌ಗಳ ಪೀಠ 1975ರಲ್ಲೇ ಹೇಳಿದೆ. ಒಂದು ತಿಂಗಳೊಳಗೆ ಕೊಡದಿದ್ರೆ ವರ್ಷಕ್ಕೆ 12 ಪರ್ಸೆಂಟ್ ಸರಳ ಬಡ್ಡಿ, ಕಾರಣ ಇಲ್ಲದೆ ತಡ ಮಾಡಿದ್ರೆ ಅದರ ಮೇಲೆ 50 ಪರ್ಸೆಂಟ್‌ವರೆಗೆ ದಂಡಾನೂ ಹಾಕ್ಬಹುದು. ಆರ್ಡರಲ್ಲಿ ಬಡ್ಡಿ ಅರ್ಜಿ ಹಾಕಿದ ದಿನದಿಂದ ಅಥವಾ ಆರ್ಡರ್ ದಿನದಿಂದ ಅಂತ ಇದ್ರೆ ಅದು ಕಾನೂನಿನ ತಪ್ಪು. ನಾಲ್ಕು ಲಕ್ಷಕ್ಕೆ ವರ್ಷಕ್ಕೆ 48,000 ಅಂದ್ರೆ ಎರಡೂವರೆ ವರ್ಷಕ್ಕೆ 1,20,000, ಬಿಡೋ ಮೊತ್ತ ಅಲ್ಲ.

ಶೆಡ್ಯೂಲಲ್ಲಿರೋ ಏಟು. ನಮ್ಮ ಮಾವನ ವಿಷಯ ಇದೇ. ಒಂದನೇ ಶೆಡ್ಯೂಲಲ್ಲಿ ಒಂದು ಕೈಯ ಮೂರು ಬೆರಳು ಹೋದ್ರೆ ಗಳಿಕೆ ಶಕ್ತಿ 30 ಪರ್ಸೆಂಟ್ ನಷ್ಟ ಅಂತ ಬರೆದಿದೆ, ನಾಲ್ಕು ಹೋದ್ರೆ 50, ಎರಡಕ್ಕೆ 20, ಹೆಬ್ಬೆರಳಿಗೆ 30. ಆರ್ಡರಲ್ಲಿ ಹಿಡಿದಿದ್ದು 20. ವಯಸ್ಸು 40, ಸಂಬಳ 12,000, ಸಾವಲ್ಲ ಅಂಗನಷ್ಟ ಆಗಿದ್ರಿಂದ ಅರ್ಧದ ಬದಲು ಅದರ 60 ಪರ್ಸೆಂಟ್, ಅಂದ್ರೆ 7,200ನ್ನ 184.17ರಿಂದ ಗುಣಿಸಿದ್ರೆ 13,26,024, ಅದರ 30 ಪರ್ಸೆಂಟ್ 3,97,807 ಬರ್ಬೇಕಿತ್ತು, ಬಂದಿದ್ದು 2,65,205. ಡಾಕ್ಟರ್ ಇಷ್ಟು ಅಂದ್ರು ಅಷ್ಟು ಅಂದ್ರು ಅನ್ನೋ ವಾದವೇ ಇಲ್ಲಿ ಬರಲ್ಲ, ಪುಸ್ತಕದಲ್ಲೇ ಇದೆ. ಇದನ್ನ ನಮಗೆ ತೋರಿಸಿಕೊಟ್ಟಿದ್ದು ಹೈಕೋರ್ಟಿನ ಒಬ್ಬ ಜೂನಿಯರ್ ವಕೀಲೆ, ಐದು ನಿಮಿಷದಲ್ಲಿ.

ಕೆಲಸಗಾರನದ್ದೂ ತಪ್ಪಿದೆ ಅಂತ ಮೋಟಾರ್ ಕೇಸಿನ ಥರ ಇಷ್ಟು ಪರ್ಸೆಂಟ್ ಕಟ್ ಮಾಡಿರೋದು, ಏಜ್ ತಕ್ಕ ಅಂಕಿ ಬಿಟ್ಟು ಬೇರೆ ಸಾಲಿನ ಅಂಕಿ ತಗೊಂಡಿರೋದು, ದಾಖಲೇಲಿ ಒಂದೂ ಸಾಕ್ಷಿ ಇಲ್ಲದೆ ಕೊಟ್ಟ ತೀರ್ಮಾನ, ಇವೂ ಇದೇ ಜಾತಿ. ಅಪೀಲಲ್ಲಿ ಇವನ್ನ ಪ್ರಶ್ನೆ ರೂಪದಲ್ಲೇ ಬರೆಸಿ, ಸುಮ್ಮನೆ ಪರಿಹಾರ ಕಮ್ಮಿ ಆಯ್ತು ಅಂದ್ರೆ ಅಡ್ಮಿಷನ್ ಹಂತದಲ್ಲೇ, ಅಂದ್ರೆ ಅಪೀಲನ್ನ ವಿಚಾರಣೆಗೆ ತಗೋಬೇಕಾ ಬೇಡ್ವಾ ಅಂತ ನೋಡುವಾಗ್ಲೇ ಬಿದ್ದುಹೋಗತ್ತೆ.

ಎಲ್ಲಿ, ಹೇಗೆ ಹಾಕೋದು

ಬೆಳಗಾವಿ, ಬಾಗಲಕೋಟೆ, ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ, ಕೊಪ್ಪಳ, ಬಳ್ಳಾರಿ, ವಿಜಯನಗರದವರು ಧಾರವಾಡ ಪೀಠಕ್ಕೆ. ಕಲಬುರಗಿ, ಬೀದರ್, ರಾಯಚೂರು, ಯಾದಗಿರಿ, ವಿಜಯಪುರದವರು ಕಲಬುರಗಿ ಪೀಠಕ್ಕೆ. ಉಳಿದವರೆಲ್ಲಾ ಬೆಂಗಳೂರು. 2008ರವರೆಗೆ ಬೀದರಿನವರೂ ಬೆಂಗಳೂರಿಗೇ ಬರ್ಬೇಕಿತ್ತು. ನಾವು ದಾವಣಗೆರೆ ಆಗಿದ್ರಿಂದ ರಾತ್ರಿ ಬಸ್ಸು ಹತ್ತಿ ಬೆಳಗ್ಗೆ ಮೆಜೆಸ್ಟಿಕ್ಕಲ್ಲಿ ಮುಖ ತೊಳ್ಕೊಂಡು ವಿಧಾನಸೌಧದ ಎದುರಿನ ಆ ಕೆಂಪು ಕಟ್ಟಡಕ್ಕೆ ಹೋಗ್ತಿದ್ವಿ.

ಅಪೀಲಿಗೆ ಎಂ.ಎಫ್.ಎ. (ಮಿಸಲೇನಿಯಸ್ ಫಸ್ಟ್ ಅಪೀಲ್) ಅಂತ ನಂಬರ್ ಬೀಳತ್ತೆ. ಅಪೀಲ್ ಮೆಮೋ, ಆರ್ಡರಿನ ಸರ್ಟಿಫೈಡ್ ಕಾಪಿ, ವಕಾಲತ್ತು, ಕೋರ್ಟ್ ಫೀ, ಎದುರಾಳಿಗಳಿಗೆ ಒಂದೊಂದು ಸೆಟ್ಟು, ಲೇಟಾಗಿದ್ರೆ ಅದರ ಅರ್ಜಿ ಮತ್ತು ಅಫಿಡವಿಟ್ಟು, ಇಷ್ಟು ಬೇಕು. ಮಾಲೀಕರು, ಇನ್ಶೂರೆನ್ಸ್ ಕಂಪನಿ ಇಬ್ಬರನ್ನೂ ಎದುರಾಳಿ ಮಾಡೋದು ಮರೀಬೇಡಿ. ಹಾಕಿದ ಮೇಲೆ ಆಫೀಸಿಂದ ಆಬ್ಜೆಕ್ಷನ್ ಬರತ್ತೆ, ಪೇಜ್ ಮಸುಕಾಗಿದೆ, ವಿಳಾಸ ಪೂರ್ತಿ ಇಲ್ಲ ಇಂಥವು. ಅದನ್ನ ಕೊಟ್ಟ ಟೈಮೊಳಗೆ ಸರಿ ಮಾಡದಿದ್ರೆ 60 ದಿನದೊಳಗೆ ಹಾಕಿದ ಅಪೀಲೂ ವಜಾ ಆಗತ್ತೆ, ಹಂಗಾಗಿ ಹಾಕಿ ಬಂದ್ವಿ ಅಂತ ಮಲಗಬೇಡಿ, ಎಂ.ಎಫ್.ಎ. ನಂಬರ್ ಬಿದ್ದಿದೆಯಾ ಅಂತ ಒಂದು ತಿಂಗಳು ಬಿಟ್ಟು ನೋಡಿ.

ವಕೀಲರ ಫೀಸಿಗೆ ದುಡ್ಡಿಲ್ಲ ಅನ್ನೋದೇ ಅರ್ಧ ಜನ ತಡ ಮಾಡೋಕೆ ಕಾರಣ. ಕಾನೂನು ಸೇವಾ ಪ್ರಾಧಿಕಾರದ ಕಾಯ್ದೆ 1987ರ 12ನೇ ಸೆಕ್ಷನ್ ಪ್ರಕಾರ ಕೈಗಾರಿಕಾ ಕೆಲಸಗಾರರು, ಹೆಂಗಸರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು ಇವರಿಗೆಲ್ಲಾ ಆದಾಯ ಎಷ್ಟೇ ಇದ್ರೂ ಉಚಿತ ವಕೀಲರನ್ನ ಕೊಡ್ಲೇಬೇಕು. ಗಂಡನ್ನ ಕಳ್ಕೊಂಡ ಹೆಣ್ಣುಮಗಳು, ಕೈಕಾಲು ಕಳ್ಕೊಂಡ ಕೆಲಸಗಾರ, ಇಬ್ಬರೂ ಇದರಲ್ಲಿ ಬರ್ತಾರೆ. ಹೈಕೋರ್ಟಿಗೆ ಬೇರೆ ಕಾನೂನು ಸೇವಾ ಸಮಿತಿ ಇದೆ, ಊರಲ್ಲಿ ಜಿಲ್ಲಾ ಕೋರ್ಟಿನ ಪ್ರಾಧಿಕಾರದಲ್ಲೇ ಅರ್ಜಿ ಕೊಡ್ಬಹುದು, 15100ಕ್ಕೆ ಫೋನ್ ಮಾಡಿದ್ರೂ ಹೇಳ್ತಾರೆ. ಇದು ಮೊದಲೇ ಗೊತ್ತಿದ್ದಿದ್ರೆ ಅತ್ತೆ ತಮ್ಮ ಸರ ಅಡ ಇಡ್ತಿರ್ಲಿಲ್ಲ.

ಲೇಟಾಗೇ ಹೋಗಿದ್ರೆ

ಕೈಚೆಲ್ಲಬೇಡಿ. 30ನೇ ಸೆಕ್ಷನ್ನೇ ಲಿಮಿಟೇಷನ್ ಕಾಯ್ದೆಯ 5ನೇ ಸೆಕ್ಷನ್ ಇಲ್ಲಿಗೂ ಅನ್ವಯಿಸತ್ತೆ ಅಂತ ಹೇಳಿದೆ, ಅಂದ್ರೆ ಸರಿಯಾದ ಕಾರಣ ತೋರಿಸಿದ್ರೆ ಕೋರ್ಟ್ ತಡ ಮನ್ನಿಸ್ಬಹುದು, ಇಷ್ಟೇ ದಿನ ಅಂತ ಮೇಲಿನ ಮಿತೀನೂ ಇಲ್ಲ. 1987ರಲ್ಲಿ ಸುಪ್ರೀಂ ಕೋರ್ಟ್ ಇಂಥಾ ಅರ್ಜಿಗಳನ್ನ ಉದಾರವಾಗಿ ನೋಡ್ಬೇಕು, ತಡ ಮಾಡಿದ್ರಿಂದ ಸಾಮಾನ್ಯವಾಗಿ ಯಾರಿಗೂ ಲಾಭ ಇಲ್ಲ ಅಂದಿದೆ. ಆದ್ರೂ ಇದು ಹಕ್ಕಲ್ಲ, ಕೋರ್ಟಿನ ಮನಸ್ಸು.

ಅಫಿಡವಿಟ್ ಹೇಗಿರ್ಬೇಕು? ನಮ್ಮ ಮೊದಲನೇ ಡ್ರಾಫ್ಟಲ್ಲಿ ಅರ್ಜಿದಾರರು ಬಡವರು, ಅನಕ್ಷರಸ್ಥರು, ಕಾನೂನು ಗೊತ್ತಿಲ್ಲ ಅಂತ ಮೂರು ಸಾಲಿತ್ತು. ಆ ವಕೀಲೆ ಅದನ್ನ ಪಕ್ಕಕ್ಕಿಟ್ಟು ತಾರೀಖು ಹೇಳಿ ಅಂತ ಕೂತ್ರು. ಆರ್ಡರ್ ಯಾವತ್ತು ಗೊತ್ತಾಯ್ತು, ಯಾರು ಹೇಳಿದ್ರು, ನಕಲಿಗೆ ಯಾವತ್ತು ಅರ್ಜಿ, ಮಧ್ಯದಲ್ಲಿ ಮಾವನ ಕೈಗೆ ಎರಡನೇ ಸಲ ಆಪರೇಷನ್ ಆಗಿತ್ತು, ಅಡ್ಮಿಟ್ ಆದ ದಿನ, ಡಿಸ್ಚಾರ್ಜ್ ಆದ ದಿನ, ಡ್ರೆಸ್ಸಿಂಗಿಗೆ ಹೋದ ಚೀಟಿ, ದುಡ್ಡಿಗೆ ಸರ ಅಡ ಇಟ್ಟ ರಸೀದಿ, ಎಲ್ಲಾ ಸಾಲಾಗಿ ಜೋಡಿಸಿ ತಾರೀಖಿನ ಪ್ರಕಾರ ಬರೆಸಿದ್ರು. ಅಷ್ಟು ದಿನ ಏನಾಯ್ತು ಅಂತ ಓದಿದವರಿಗೆ ಕಣ್ಣಿಗೆ ಕಟ್ಟೋ ಹಾಗೆ. ಆಸ್ಪತ್ರೆ ಚೀಟಿಗಳನ್ನ ಅತ್ತೆ ಬಿಸಾಕ್ದೆ ಅಕ್ಕಿ ಡಬ್ಬದ ಮೇಲೆ ಕವರಲ್ಲಿ ಇಟ್ಟಿದ್ರು, ಅದೇ ನಮ್ಮನ್ನ ಉಳಿಸಿದ್ದು. ಸುಳ್ಳು ಕಾಯಿಲೆ, ಸುಳ್ಳು ಸರ್ಟಿಫಿಕೇಟ್ ಮಾತ್ರ ಹಾಕ್ಬೇಡಿ, ಎದುರಿನವರು ಪ್ರಶ್ನೆ ಮಾಡಿದ್ರೆ ನಿಜವಾದ ಕಾರಣಾನೂ ನಂಬಲ್ಲ.

ದಿನಗಳ ಸಂಖ್ಯೆ ಸರಿಯಾಗಿ ಬರೀರಿ. ನಕಲಿನ ದಿನ ಕಳೆದು ಎಷ್ಟು ದಿನ ತಡ ಅಂತ ಆಫೀಸು ಹೇಳತ್ತೆ, ಅದಕ್ಕೆ ಹೊಂದಬೇಕು. ತಪ್ಪು ಕೋರ್ಟಿಗೆ ಹೋಗಿ ದಿನ ಕಳೆದಿದ್ರೆ ಅಲ್ಲಿನ ಕಾಗದಾನೂ ಸೇರಿಸಿ, ಅದೂ ಒಳ್ಳೇ ಕಾರಣವೇ.

ಮಾಲೀಕರೋ ಇನ್ಶೂರೆನ್ಸ್ ಕಂಪನಿಯೋ ಅಪೀಲ್ ಹಾಕಿದ್ರೆ

ಗೆದ್ದವರು ನೆಮ್ಮದಿಯಾಗಿದ್ದಾಗ ಹೈಕೋರ್ಟ್ ನೋಟಿಸ್ ಬರತ್ತೆ, ಎಷ್ಟೋ ಜನ ಹೆದರಿ ಅದನ್ನ ತಗೊಳ್ಳಲ್ಲ. ತಗೊಳ್ಳಿ. ಅವರಿಗೂ ಅದೇ 60 ದಿನ, ಜೊತೆಗೆ ಒಂದು ಕಟ್ಟು ಜಾಸ್ತಿ ಇದೆ: ಪರಿಹಾರ ಕೊಡಿ ಅನ್ನೋ ಆರ್ಡರ್ ಮೇಲೆ ಮಾಲೀಕರು ಅಪೀಲ್ ಹಾಕ್ಬೇಕಾದ್ರೆ ಪೂರ್ತಿ ಮೊತ್ತ ಕಮಿಷನರ್ ಹತ್ರ ಡೆಪಾಸಿಟ್ ಮಾಡಿ, ಮಾಡಿದೀವಿ ಅಂತ ಕಮಿಷನರ್ ಕೊಟ್ಟ ಸರ್ಟಿಫಿಕೇಟನ್ನ ಅಪೀಲ್ ಜೊತೆಗೇ ಇಡ್ಬೇಕು. ನಿಮ್ಮ ವಕೀಲರಿಗೆ ಮೊದಲು ಇದನ್ನೇ ನೋಡೋಕೆ ಹೇಳಿ, ಅದಿಲ್ಲದ ಅಪೀಲ್ ನಿಲ್ಲಲ್ಲ. ಅವರು ಅಪೀಲ್ ಹಾಕಿದ ಮಾತ್ರಕ್ಕೆ ದುಡ್ಡು ತಡೆ ಆಗಲ್ಲ, ಹೈಕೋರ್ಟ್ ಸ್ಟೇ ಕೊಟ್ಟಿದ್ರೆ ಮಾತ್ರ. ಸ್ಟೇ ಇಲ್ಲದಿದ್ರೆ ಬಿಡುಗಡೆಗೆ ಅರ್ಜಿ ಹಾಕಿ.

ಇಲ್ಲಿ ಒಂದು ತಪ್ಪು ಲೆಕ್ಕಾಚಾರ ಸುಮಾರು ಜನ ಮಾಡ್ತಾರೆ. ಪರಿಹಾರ ಕಮ್ಮಿ ಅನ್ನಿಸಿದ್ರೂ, ಕಂಪನಿಯವರು ಅಪೀಲ್ ಹಾಕ್ತಾರಾ ನೋಡೋಣ, ಹಾಕಿದ್ರೆ ಆವಾಗ ನಾವೂ ಕೇಳೋಣ ಅಂತ ಕಾಯ್ತಾರೆ. ಅವರು 59ನೇ ದಿನ ಹಾಕಿದ್ರೆ ನಿಮಗೆ ನೋಟಿಸ್ ಬರೋ ಹೊತ್ತಿಗೆ ನಿಮ್ಮ ಟೈಮ್ ಮುಗಿದಿರತ್ತೆ. ನಿಮ್ಮ ಅಪೀಲ್ ನೀವು ಹಾಕಿ.

ಅಪೀಲ್ ಹಾಕ್ಬೇಕು ಅಂತಿದ್ದು ಡೆಪಾಸಿಟ್ ಆದ ದುಡ್ಡು ಮೊದಲು ಬಿಡಿಸ್ಕೊಳ್ಳೋದಾದ್ರೆ, ಅಪೀಲ್ ಹಕ್ಕು ಇಟ್ಕೊಂಡೇ ತಗೋತಿದೀವಿ ಅಂತ ಅರ್ಜೀಲಿ ಒಂದು ಸಾಲು ಬರೆಸಿ. ಪೂರ್ತಿ ಸಂದಾಯ ಆಯ್ತು, ಇನ್ನೇನೂ ಬಾಕಿ ಇಲ್ಲ ಅಂತ ಪ್ರಿಂಟ್ ಇರೋ ಕಾಗದಕ್ಕೆ ಓದದೆ ಸಹಿ ಹಾಕ್ಬೇಡಿ, ಮಾವಂಗೆ ಬಲಗೈ ಸಹಿ ಬರದೆ ಹೆಬ್ಬೆಟ್ಟು ಒತ್ತಿಸ್ಕೊಳ್ಳೋಕೆ ಬಂದಿದ್ರು, ಅತ್ತೆ ತಡೆದ್ರು.

ಮೂಲ ಕೇಸೇ ಇನ್ನೂ ಹಾಕಿಲ್ಲ ಅನ್ನೋರು ಕೂಡ ಇದನ್ನ ಓದ್ತಿರಬಹುದು, ಅವರಿಗೆ: ಅಪಘಾತ ಆದ ದಿನದಿಂದ, ತೀರ್ಕೊಂಡಿದ್ರೆ ಆ ದಿನದಿಂದ, ಎರಡು ವರ್ಷದೊಳಗೆ ಕಮಿಷನರ್ ಮುಂದೆ ಅರ್ಜಿ ಹಾಕ್ಬೇಕು, ತಡ ಆದ್ರೆ ಅಲ್ಲೂ ಕಾರಣ ತೋರಿಸಿ ಮನ್ನಿಸಿ ಅಂತ ಕೇಳ್ಬಹುದು.

ಮಾವನ ಕೇಸಲ್ಲಿ ತಡ ಮನ್ನಿಸೋ ಅರ್ಜಿ ಒಪ್ಪಿದ್ದು ನಾಲ್ಕನೇ ಹಿಯರಿಂಗಲ್ಲಿ. ಅಪೀಲ್ ಅಡ್ಮಿಟ್ ಆಗಿದೆ, 30 ಪರ್ಸೆಂಟಿನ ಪ್ರಶ್ನೆ, ಬಡ್ಡಿ ತಾರೀಖಿನ ಪ್ರಶ್ನೆ ಎರಡನ್ನೂ ಕೋರ್ಟ್ ಬರ್ಕೊಂಡಿದೆ. ಮುಂದಿನ ತಾರೀಖು ಫೋನಲ್ಲಿ ಅಲಾರಂ ಇಟ್ಟಿದೀನಿ, ಗೋಡೆ ಕ್ಯಾಲೆಂಡರಲ್ಲೂ ಅತ್ತೆ ರೌಂಡ್ ಹಾಕಿದಾರೆ.